ಗೊರಕೆಯೊಳಗಿನ ‘ಗ’ ಮತ್ತು ‘ರ’

ಮಕ್ಕಳೇ, ಒಂದು ಸಲ ‘ಗ’ ಅನ್ನಿ. ಅವಸರ ಬೇಡ, ನಿಧಾನವಾಗಿ ಅನ್ನಿ. ಹಾಗೆ ಅನ್ನುವಾಗ ನಾಲಗೆ ಎಲ್ಲಿ ತಾಗುತ್ತದೆ ಎಂದು ಗಮನಿಸಿ. ತುದಿ ಕೆಳಗೇ ಇರುತ್ತದೆ. ನಾಲಗೆಯ ಹಿಂಭಾಗ ಮಾತ್ರ ಮೇಲೆದ್ದು, ಗಂಟಲಿನ ಹತ್ತಿರ ಅಂಗುಳಕ್ಕೆ ತಾಗಿ ಬಿಡುತ್ತದೆ. ಈಗ ‘ರ್ರ್ರ್’ ಎಂದು ಉಸಿರು ಇರುವಷ್ಟು ಹೊತ್ತು ಎಳೆಯಿರಿ. ಈ ಸಲ ನಾಲಗೆಯ ತುದಿ ಗಡಗಡ ನಡುಗುತ್ತದೆ. ಇನ್ನು ಎರಡನ್ನೂ ಸೇರಿಸಿ: ಗೊರ್ರ್ರ್.

ಮನೆಯಲ್ಲಿ ಯಾರಾದರೂ ನೆನಪಾದರೇ?

ಬೀದರಿನ ಚಿದ್ರಿಯಲ್ಲಿ ಇರುವವರಿಗೆ ಖಂಡಿತ ನೆನಪಾಗುತ್ತಾರೆ. ಬೇಸಿಗೆ ಬಂತೆಂದರೆ ನಮ್ಮ ಕಡೆ ಮನೆಯೊಳಗೆ ಮಲಗುವುದು ಕಷ್ಟ. ಊಟ ಮುಗಿಸಿ, ಹಾಸಿಗೆ ಹೊತ್ತುಕೊಂಡು ಎಲ್ಲರೂ ಮಾಳಿಗೆ ಹತ್ತುತ್ತಾರೆ. ಈ ಮಾಳಿಗೆಗೂ ಪಕ್ಕದ ಮಾಳಿಗೆಗೂ ನಡುವೆ ಒಂದು ಮೊಣಕಾಲೆತ್ತರದ ಗೋಡೆ ಇದ್ದರೆ ಹೆಚ್ಚು. ಹೀಗಾಗಿ ಒಂದು ಮನೆಯ ಸದ್ದು ಓಣಿಗೆಲ್ಲ ಕೇಳುತ್ತದೆ. ಕನ್ನಡ ಮಾತಾಡುವ ಮನೆಯ ಹುಡುಗಿ, ‘ಮುತ್ಯಾ ಗೊರಕಿ ಹೊಡಿಲತ್ಯಾನ’ ಎಂದು ನಗುತ್ತಾಳೆ. ಭಾಲ್ಕಿಯ ಆಚೆಯಿಂದ ಬಂದು ನೆಲೆಸಿದ ಮರಾಠಿ ಮನೆಯಲ್ಲಿ ಅದೇ ಸದ್ದಿಗೆ ‘ಆಜೋಬಾ ಘೋರತಾತ’ ಎನ್ನುತ್ತಾರೆ. ತೆಲಂಗಾಣದ ನಂಟಿರುವ ತೆಲುಗು ಮನೆಯಲ್ಲಿ ಅದು ‘ಗುರಕ’, ಕೆಲವರ ಬಾಯಲ್ಲಿ ‘ಗುರ್ರು’. ದಖನಿ ಉರ್ದು ಮಾತಾಡುವ ಮನೆಯಲ್ಲಿ ‘ದಾದಾ ಖರ್ರಾಟೇ ಮಾರ್‌ರೈ’ ಎಂಬ ಮಾತು ಕೇಳುತ್ತದೆ.

ಒಂದೇ ಓಣಿಯಲ್ಲಿ ನಾಲ್ಕು ಭಾಷೆ ಇರುವುದು ಬೀದರಿನವರಿಗೆ ಹೊಸದಲ್ಲ. ಪಡುವಣಕ್ಕೆ ಹೋದರೆ ಮಹಾರಾಷ್ಟ್ರ, ಮೂಡಣಕ್ಕೆ ಹೋದರೆ ತೆಲಂಗಾಣ. ಔರಾದ ತಾಲ್ಲೂಕಿನಲ್ಲಂತೂ ಎರಡೂ ಗಡಿಗಳು ಹತ್ತಿರ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರನ್ನು ರಾಜಧಾನಿ ಮಾಡಿಕೊಂಡ ಮೇಲೆ ದಖನಿ ಈ ಊರಿನಲ್ಲಿ ಬೇರು ಬಿಟ್ಟಿತು. ಆಮೇಲೆ ಬಹುಕಾಲ ಊರು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯಗಳ ಗೆರೆ ಬದಲಾದರೂ ಜನರ ನಾಲಗೆಯ ಮೇಲಿನ ಮಾತು ಎಲ್ಲಿಗೂ ಹೋಗಲಿಲ್ಲ.

ಈಗ ಆ ನಾಲ್ಕು ಪದಗಳನ್ನು ಸಾಲಾಗಿ ಹೇಳಿನೋಡಿ. ಗೊರಕೆ, ಘೋರಣೇ, ಗುರಕ, ಖರ್ರಾಟಾ. ನಾಲ್ಕರಲ್ಲೂ ಮೊದಲ ಅಕ್ಷರ ಕ-ಖ-ಗ-ಘ ಸಾಲಿನದು. ನಾಲ್ಕರಲ್ಲೂ ಅದರ ಬೆನ್ನಿಗೇ ‘ರ’ ಬರುತ್ತದೆ.

ಇದರಲ್ಲಿ ಏನು ವಿಶೇಷ, ಅಕ್ಕಪಕ್ಕದ ಭಾಷೆಗಳಲ್ಲವೇ ಎಂದು ನೀವು ಕೇಳಬಹುದು. ಹಾಗಾದರೆ ಬೇರೊಂದು ಪದ ತೆಗೆದುಕೊಳ್ಳೋಣ. ನಾವು ‘ನೀರು’ ಎನ್ನುತ್ತೇವೆ, ತೆಲುಗಿನವರು ‘ನೀಳ್ಳು’ ಎನ್ನುತ್ತಾರೆ. ಮರಾಠಿಯವರು ‘ಪಾಣೀ’, ಉರ್ದುವಿನವರು ‘ಪಾನೀ’ ಎನ್ನುತ್ತಾರೆ. ಎರಡು ಗುಂಪು ಕಣ್ಣಿಗೆ ಕಾಣುವಂತಿವೆ. ಕನ್ನಡ, ತೆಲುಗು ದ್ರಾವಿಡ ಭಾಷೆಗಳು. ಮರಾಠಿ, ಉರ್ದು ಇಂಡೋ-ಆರ್ಯನ್ ಎಂಬ ಇನ್ನೊಂದು ಮನೆತನದವು. ದಿನಕ್ಕೆ ಹತ್ತು ಸಲ ಕೇಳಿ ಕುಡಿಯುವ ನೀರಿನ ಹೆಸರೇ ಎರಡು ದಾರಿ ಹಿಡಿದಿರುವಾಗ, ಗೊರಕೆಗೆ ಮಾತ್ರ ನಾಲ್ಕೂ ಭಾಷೆಗಳು ಒಂದೇ ಥರದ ಹೆಸರು ಇಟ್ಟಿವೆ. ಅದು ಯಾಕೆ?

ಉತ್ತರದ ಅರ್ಧ ನಿಮ್ಮ ಕನ್ನಡ ವ್ಯಾಕರಣದ ಪಾಠದಲ್ಲೇ ಇದೆ. ಪಟಪಟ, ಚಟಚಟ, ದಬದಬ, ಗಡಗಡ ಎಂಬ ಮಾತುಗಳನ್ನು ಮೇಷ್ಟ್ರು ಅನುಕರಣಾವ್ಯಯ ಎಂದು ಹೇಳಿಕೊಟ್ಟಿರುತ್ತಾರೆ. ಕಿವಿಗೆ ಬಿದ್ದ ಸದ್ದನ್ನು ಬಾಯಿಂದ ಮತ್ತೆ ಮಾಡಿ ತೋರಿಸುವ ಮಾತುಗಳಿವು. ಗೊರಕೆ ಎಂಬ ಪದ ಹುಟ್ಟಿದ್ದೂ ಹೀಗೇ. ಮಲಗಿದವರು ಗೊರ್ ಗೊರ್ ಅಂದರು, ಕೇಳಿದವರು ಅದನ್ನೇ ಹೆಸರು ಮಾಡಿದರು. ಕನ್ನಡದ ಗೊರಕೆ, ತೆಲುಗಿನ ಗುರಕ, ಮಲಯಾಳದ ಕೂರ್ಕ್ಕಂ, ತಮಿಳಿನ ಕುಱಟ್ಟೈ ಇವೆಲ್ಲ ಒಂದೇ ಕುಟುಂಬದ ಪದಗಳು ಎಂದು ದ್ರಾವಿಡ ಭಾಷೆಗಳನ್ನು ಓದಿದ ವಿದ್ವಾಂಸರು ಗುರುತಿಸಿದ್ದಾರೆ. ತಮಿಳು ಪದದಲ್ಲಿರುವ ‘ಱ’ ಅಕ್ಷರವನ್ನು ನೋಡಿದಿರಾ? ಹಳಗನ್ನಡದಲ್ಲಿ ನಮಗೂ ಈ ಅಕ್ಷರವಿತ್ತು. ಮಾಮೂಲಿ ‘ರ’ಕ್ಕಿಂತ ಗಡುಸಾದ ‘ರ’ ಇದು. ಕಾಲ ಕಳೆದಂತೆ ಕನ್ನಡ ಅದನ್ನು ಬಿಟ್ಟಿತು, ತಮಿಳು ಉಳಿಸಿಕೊಂಡಿತು. ಇತ್ತ ಸಂಸ್ಕೃತದಲ್ಲೂ ಇಂಥ ಸದ್ದಿಗೆ ‘ಘುರ್ಘುರ’ ಎಂಬ ಮಾತಿದೆ.

ಸದ್ದಿನಿಂದ ಹುಟ್ಟಿದ ಪದಗಳಿಗೆ ಒಂದು ಗುಣವಿದೆ. ಅವು ಒಬ್ಬರಿಂದೊಬ್ಬರಿಗೆ ಸಾಲವಾಗಿ ಹೋಗಲೇಬೇಕೆಂದಿಲ್ಲ. ಎಲ್ಲ ಊರಿನಲ್ಲೂ ಗೊರಕೆ ಇದೆ, ಎಲ್ಲ ಊರಿನಲ್ಲೂ ಕಿವಿ ಇದೆ. ಒಬ್ಬರ ಮಾತು ಇನ್ನೊಬ್ಬರು ಕೇಳದೆಯೂ ಒಂದೇ ಬಗೆಯ ಪದ ಎರಡು ಕಡೆ ಹುಟ್ಟಬಹುದು.

ನನಗೆ ಬಹಳ ಹಿಡಿಸುವುದು ಉತ್ತರದ ಇನ್ನರ್ಧ. ಗೊರಕೆ ಎಂಬ ಪದ ಆ ಸದ್ದನ್ನು ಅನುಕರಿಸುವುದಷ್ಟೇ ಅಲ್ಲ, ಗೊರಕೆ ಹುಟ್ಟುವ ಜಾಗವನ್ನೂ ಅದು ಹುಟ್ಟುವ ಬಗೆಯನ್ನೂ ನಮ್ಮ ಬಾಯೊಳಗೇ ತೋರಿಸಿಕೊಡುತ್ತದೆ.

ಮೊದಲು ಜಾಗ ನೋಡೋಣ. ಕನ್ನಡಿಯ ಮುಂದೆ ನಿಂತು ಬಾಯಿ ಅಗಲ ತೆರೆಯಿರಿ. ಹಲ್ಲಿನ ಹಿಂದೆ, ಬಾಯಿಯ ಚಾವಣಿ ಗಟ್ಟಿಯಾಗಿದೆ. ಅಲ್ಲಿ ಒಳಗೆ ಎಲುಬು ಇದೆ. ನಾಲಗೆಯ ತುದಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತ ಹೋದರೆ ಒಂದು ಕಡೆ ಗಟ್ಟಿ ಭಾಗ ಮುಗಿದು ಮೆತ್ತನೆಯ ಭಾಗ ಶುರುವಾಗುತ್ತದೆ. ಅದೇ ಮೃದು ಅಂಗುಳ. ಅದರಲ್ಲಿ ಎಲುಬಿಲ್ಲ, ಬರೀ ಸ್ನಾಯು. ಅದರ ಕೊನೆಯಲ್ಲಿ ಜೋತುಬಿದ್ದಿರುವ ಸಣ್ಣ ತುಣುಕೇ ಕಿರುನಾಲಗೆ. ನೀವು ನೀರು ನುಂಗುವಾಗ ಈ ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ನೀರು ಕುಡಿಯುತ್ತಿರುವಾಗ ಗೆಳೆಯ ಏನೋ ಹೇಳಿ ನಗಿಸಿದರೆ ನೀರು ಮೂಗಿಗೆ ಬರುತ್ತದಲ್ಲ, ಆಗ ಅದು ಸರಿಯಾದ ಹೊತ್ತಿಗೆ ಮುಚ್ಚಿಕೊಳ್ಳಲಿಲ್ಲ ಎಂದರ್ಥ.

‘ಗ’ ಅನ್ನುವಾಗ ನಾಲಗೆ ಹೋಗಿ ಮುಟ್ಟಿದ್ದು ಇದೇ ಮೃದು ಅಂಗುಳವನ್ನು. ಮುತ್ಯಾನ ಗೊರಕೆ ಹೊರಡುವುದೂ ಮುಖ್ಯವಾಗಿ ಇಲ್ಲಿಂದಲೇ. ಕ, ಖ, ಗ, ಘ ಎಲ್ಲ ಈ ಜಾಗದ ಅಕ್ಷರಗಳು. ನಮ್ಮ ವರ್ಣಮಾಲೆಯ ಪಾಠ ಅವನ್ನು ಕಂಠ್ಯ ಎಂದು ಕರೆಯುತ್ತದೆ. ಗೊರಕೆಗೆ ಹೆಸರಿಡಲು ಹೊರಟ ಜನ ತುಟಿಯ ‘ಪ’ವನ್ನೋ ಹಲ್ಲಿನ ‘ತ’ವನ್ನೋ ಆರಿಸಲಿಲ್ಲ. ಸದ್ದು ಬಾಯಿಯ ಯಾವ ಮೂಲೆಯಿಂದ ಬರುತ್ತಿದೆ ಎಂಬುದು ಅವರ ಕಿವಿಗೆ ತಿಳಿದಿತ್ತು.

ಇನ್ನು ‘ರ’. ‘ರ್ರ್ರ್’ ಅನ್ನುವಾಗ ನಿಮ್ಮ ನಾಲಗೆಯ ತುದಿ ಸೆಕೆಂಡಿಗೆ ಸುಮಾರು 25ರಿಂದ 30 ಸಲ ನಡುಗುತ್ತದೆ. ಒಮ್ಮೆ ಬೇಕೆಂದೇ ನಾಲಗೆಯನ್ನು ಅಷ್ಟು ಬೇಗ ಮೇಲೆ ಕೆಳಗೆ ಆಡಿಸಲು ಯತ್ನಿಸಿ. ಆಗುವುದಿಲ್ಲ. ಯಾಕೆಂದರೆ ‘ರ’ದಲ್ಲಿ ನಾಲಗೆಯನ್ನು ಆಡಿಸುವವರು ನೀವಲ್ಲ, ಗಾಳಿ. ನೀವು ನಾಲಗೆಯ ತುದಿಯನ್ನು ಸಡಿಲವಾಗಿ ಅಂಗುಳದ ಹತ್ತಿರ ಹಿಡಿದು ಉಸಿರು ಬಿಡುತ್ತೀರಿ, ಅಷ್ಟೆ. ಉಳಿದದ್ದು ಉಸಿರಿನ ಕೆಲಸ.

ಗಾಳಿ ಅದನ್ನು ಹೇಗೆ ಮಾಡುತ್ತದೆ? ಎರಡು ಕಾಗದದ ಪಟ್ಟಿ ತೆಗೆದುಕೊಳ್ಳಿ. ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು, ಬಾಯಿಯ ಮುಂದೆ ಎದುರುಬದುರಾಗಿ ಇಳಿಬಿಡಿ. ನಡುವೆ ಎರಡು ಬೆರಳಿನಷ್ಟು ಜಾಗವಿರಲಿ. ಈಗ ಆ ಜಾಗದೊಳಗೆ ಜೋರಾಗಿ ಊದಿ. ಊದಿದರೆ ಪಟ್ಟಿಗಳು ದೂರ ಸರಿಯುತ್ತವೆ ಎಂದುಕೊಂಡಿದ್ದೀರಿ ಅಲ್ಲವೇ? ಅವು ಹತ್ತಿರ ಬಂದು ಒಂದಕ್ಕೊಂದು ಬಡಿಯುತ್ತವೆ! ಇಕ್ಕಟ್ಟಿನಲ್ಲಿ ರಭಸದಿಂದ ನುಗ್ಗುವ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿಯ ಒತ್ತಡ ಹಾಗೇ ಇರುತ್ತದೆ, ಅದು ಪಟ್ಟಿಗಳನ್ನು ಒಳಕ್ಕೆ ತಳ್ಳುತ್ತದೆ. ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಡೇನಿಯಲ್ ಬರ್ನೂಲಿ ಎಂಬ ವಿಜ್ಞಾನಿ 1738ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದ. ಪಟ್ಟಿಗಳು ಕೂಡಿಕೊಂಡರೆ ದಾರಿ ಮುಚ್ಚುತ್ತದೆ. ಮುಚ್ಚಿದಾಗ ಹಿಂದಿನಿಂದ ಬರುವ ಗಾಳಿ ಮತ್ತೆ ಅವನ್ನು ತೆರೆಯುತ್ತದೆ. ಮುಚ್ಚುವುದು, ತೆರೆಯುವುದು, ಮುಚ್ಚುವುದು, ತೆರೆಯುವುದು. ಪಟ್ಟಿಗಳು ಪಟಪಟ ಬಡಿದುಕೊಳ್ಳುತ್ತವೆ.

‘ರ’ದಲ್ಲಿ ನಾಲಗೆಯ ತುದಿಗೆ ಆಗುವುದು ಇದೇ. ಗೊರಕೆಯಲ್ಲಿ ಮೃದು ಅಂಗುಳಕ್ಕೂ ಕಿರುನಾಲಗೆಗೂ ಆಗುವುದು ಇದೇ. ಒಂದೇ ವಿಜ್ಞಾನ, ಒಂದೇ ಬಾಯಿ, ಜಾಗ ಮಾತ್ರ ಬೇರೆ. ‘ಗೊರ’ ಅಂದಾಗಲೆಲ್ಲ ನೀವು ‘ಗ’ದಿಂದ ಗೊರಕೆಯ ಜಾಗ ಮುಟ್ಟಿ, ‘ರ’ದಿಂದ ಅದರ ನಡುಕ ಮಾಡಿ ತೋರಿಸುತ್ತಿದ್ದೀರಿ. ಇನ್ನೊಂದು ವ್ಯತ್ಯಾಸ ಉಂಟು: ನಾವು ಮಾತಾಡುವುದು ಉಸಿರು ಬಿಡುತ್ತ, ಗೊರಕೆ ಹೆಚ್ಚಾಗಿ ಬರುವುದು ಉಸಿರು ಎಳೆದುಕೊಳ್ಳುವಾಗ. ಮುತ್ಯಾನನ್ನು ಅಣಕಿಸುವಾಗ ನೀವೂ ಯಾರೂ ಹೇಳಿಕೊಡದೆಯೇ ಉಸಿರು ಒಳಗೆ ಎಳೆದುಕೊಂಡು ಸದ್ದು ಮಾಡುತ್ತೀರಿ, ಗಮನಿಸಿ.

ಹಾಗಾದರೆ ಹಗಲು ಯಾಕೆ ಗೊರಕೆ ಬರುವುದಿಲ್ಲ? ಎಚ್ಚರವಾಗಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ಅಗಲವಾಗಿ ಇಟ್ಟಿರುತ್ತವೆ. ನಿದ್ದೆಯಲ್ಲಿ ಕೈಕಾಲಿನ ಹಾಗೆ ಅವೂ ಸಡಿಲವಾಗುತ್ತವೆ. ಅಂಗಾತ ಮಲಗಿದರೆ ನಾಲಗೆಯೂ ಮೃದು ಅಂಗುಳವೂ ತಮ್ಮ ಭಾರಕ್ಕೆ ಹಿಂದಕ್ಕೆ ಜಾರುತ್ತವೆ. ದಾರಿ ಕಿರಿದಾಗುತ್ತದೆ, ಗಾಳಿಯ ವೇಗ ಹೆಚ್ಚುತ್ತದೆ, ಸಡಿಲ ಭಾಗಗಳು ಮಾಳಿಗೆಯ ಮೇಲೆ ಒಣಹಾಕಿದ ಸೀರೆ ಗಾಳಿಗೆ ಬಡಿದುಕೊಳ್ಳುವಂತೆ ಬಡಿದುಕೊಳ್ಳುತ್ತವೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ, ಕುತ್ತಿಗೆಯ ಸುತ್ತ ಕೊಬ್ಬು ಹೆಚ್ಚಿದ್ದರೆ, ಹೆಂಡ ಕುಡಿದು ಮಲಗಿದರೆ ಗೊರಕೆ ಹೆಚ್ಚುತ್ತದೆ. ವಯಸ್ಸಾದಂತೆ ಸ್ನಾಯುಗಳ ಬಿಗಿ ಕಡಿಮೆಯಾಗುವುದೂ ಒಂದು ಕಾರಣ. ‘ಮುತ್ಯಾ, ಮಗ್ಗಲಾಗಿ ಮಕ್ಕೋ’ ಎಂದು ಆಯಿ ಹೇಳುತ್ತಾಳಲ್ಲ, ಅದು ಸರಿಯಾದ ಮಾತು. ಮಗ್ಗುಲಾದರೆ ನಾಲಗೆ ಹಿಂದಕ್ಕೆ ಬೀಳುವುದಿಲ್ಲ.

ಭೂಮಿ ಎಳೆಯುವುದರಿಂದ ನಾಲಗೆ ಹಿಂದಕ್ಕೆ ಜಾರುತ್ತದೆ ಎಂದಾದರೆ, ಆ ಎಳೆತವೇ ಗೊತ್ತಾಗದ ಕಡೆ ಮಲಗಿದರೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ನಿಜವಾಗಿ ಪರೀಕ್ಷಿಸಿ ನೋಡಿದ್ದಾರೆ. 1998ರಲ್ಲಿ ಬಾಹ್ಯಾಕಾಶ ನೌಕೆಯಲ್ಲಿ ಹೋದ ಐವರು ಗಗನಯಾನಿಗಳ ನಿದ್ದೆಯನ್ನು ಭೂಮಿಯ ಮೇಲೂ, ಬಾಹ್ಯಾಕಾಶದಲ್ಲೂ ಅಳೆದರು. ಅದರ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಮೇಲೆ ತೇಲುತ್ತ ಮಲಗಿದಾಗ ಅವರ ಗೊರಕೆ ಹೆಚ್ಚುಕಡಿಮೆ ಪೂರ್ತಿ ನಿಂತಿತ್ತು!

ಗೊರಕೆ ಹೊಡೆಯುವವರಿಗೆ ತಮ್ಮ ಸದ್ದಿಗೆ ತಮಗೇ ಎಚ್ಚರವಾಗುವುದಿಲ್ಲವೇ ಎಂಬುದು ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಅದು. ಇಬ್ಬರು ಕೂತು ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಎಷ್ಟೋ ಗೊರಕೆಗಳು ಆ ಮಟ್ಟಕ್ಕೆ ಬರುತ್ತವೆ, ಕೆಲವು ದಾಟುತ್ತವೆ. 1993ರಲ್ಲಿ ಸ್ವೀಡನ್ ದೇಶದ ಆಸ್ಪತ್ರೆಯೊಂದರಲ್ಲಿ ಒಬ್ಬರ ಗೊರಕೆ 93 ಡೆಸಿಬೆಲ್ ಮುಟ್ಟಿದ್ದು ಗಿನ್ನೆಸ್ ದಾಖಲೆಗೆ ಸೇರಿತು. ಆದರೂ ಮಲಗಿದವರು ಮಲಗೇ ಇರುತ್ತಾರೆ. ನಿದ್ದೆಯಲ್ಲಿ ಕಿವಿ ಮುಚ್ಚಿಕೊಳ್ಳುವುದಿಲ್ಲ, ಸದ್ದು ಮಿದುಳಿನವರೆಗೆ ಹೋಗುತ್ತಲೇ ಇರುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ಮಿದುಳು ಸೋಸುತ್ತದೆ. ಪಕ್ಕದಲ್ಲಿ ಗೊರಕೆ ಕೇಳುತ್ತಿದ್ದರೂ ಏಳದ ಅವ್ವ, ಕೂಸು ಸ್ವಲ್ಪ ಕುಂಯ್‌ಗುಟ್ಟಿದರೆ ತಟ್ಟನೆ ಏಳುತ್ತಾಳೆ. ಮಲಗಿದವರ ಹೆಸರು ಹಿಡಿದು ಕರೆದರೆ ಬೇಗ ಏಳುವುದೂ ಇದಕ್ಕೇ. ಚಿದ್ರಿಯ ಕಡೆಯ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಬೀದರಿನ ವಾಯುಪಡೆ ನೆಲೆಯ ತರಬೇತಿ ವಿಮಾನಗಳ ಸದ್ದಿಗೆ ಊರಿಗೆ ಹೊಸದಾಗಿ ಬಂದ ನೆಂಟರು ಬೆಚ್ಚುತ್ತಾರೆ, ಇಲ್ಲೇ ಬೆಳೆದವರು ತಲೆಯನ್ನೂ ಎತ್ತುವುದಿಲ್ಲ.

ನಿದ್ದೆಯ ಮಾತು ಬಂದರೆ ಕುಂಭಕರ್ಣನನ್ನು ಬಿಡುವುದು ಹೇಗೆ? ಸದ್ದು ಮಾಡಿ ಮಲಗುವವರಿಗೆ ನಾವು ಕೊಡುವ ಬಿರುದು ಅವನ ಹೆಸರೇ. ಆ ಹೆಸರಿನಲ್ಲಿ ಮಾತ್ರ ನಿದ್ದೆಯೂ ಇಲ್ಲ, ಗೊರಕೆಯೂ ಇಲ್ಲ. ಕುಂಭ ಎಂದರೆ ಕೊಡ, ಕರ್ಣ ಎಂದರೆ ಕಿವಿ. ಕೊಡದಂಥ ಕಿವಿ ಇರುವವನು ಎಂದಷ್ಟೇ ಅದರ ಅರ್ಥ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸುವ ಪ್ರಸಂಗವಿದೆ. ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ತತ್ತರಿಸಿ, ಕಷ್ಟಪಟ್ಟು ಗುಹೆಯೊಳಗೆ ಹೋಗುತ್ತಾರೆ. ಶಂಖ ಊದುತ್ತಾರೆ, ಭೇರಿ ಬಾರಿಸುತ್ತಾರೆ, ಕೊನೆಗೆ ಮೈಮೇಲೆ ಆನೆಗಳನ್ನು ಓಡಿಸುತ್ತಾರೆ. ಅಷ್ಟು ದೊಡ್ಡ ಕಿವಿಯಿದ್ದೂ ಅವನಿಗೆ ಏನೂ ಕೇಳಿಸಲಿಲ್ಲ ಎಂಬುದರಲ್ಲಿ ಕವಿಯ ತಮಾಷೆ ಇದೆ ಎಂದು ನನಗೆ ಅನ್ನಿಸುತ್ತದೆ. ಕೇಳುವುದು ಕಿವಿಯ ಗಾತ್ರಕ್ಕಿಂತ ಮಿದುಳಿನ ಎಚ್ಚರಕ್ಕೆ ಸೇರಿದ್ದು.

ಇಷ್ಟು ಹೊತ್ತು ನಕ್ಕಿದ್ದಾಯಿತು. ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಕೆಲವರಲ್ಲಿ ಗೊರಕೆ ಜೋರಾಗಿ ಬರುತ್ತಾ ಬರುತ್ತಾ ಥಟ್ಟನೆ ನಿಂತುಬಿಡುತ್ತದೆ. ಉಸಿರೇ ಇರುವುದಿಲ್ಲ. ಹತ್ತು ಸೆಕೆಂಡೋ ಅದಕ್ಕೂ ಹೆಚ್ಚೋ ಕಳೆದ ಮೇಲೆ ಒಮ್ಮೆಲೇ ದೊಡ್ಡ ಸದ್ದಿನೊಂದಿಗೆ ಉಸಿರು ಎಳೆದುಕೊಳ್ಳುತ್ತಾರೆ. ಗಂಟಲಿನ ದಾರಿ ಪೂರ್ತಿ ಮುಚ್ಚಿಕೊಂಡಾಗ ಹೀಗಾಗುತ್ತದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ರಾತ್ರಿಯೆಲ್ಲ ಮಿದುಳು ಅರೆಎಚ್ಚರವಾಗಿ ಉಸಿರಾಟ ಸರಿಮಾಡುತ್ತಲೇ ಇರಬೇಕಾಗುವುದರಿಂದ ಹಗಲು ತೂಕಡಿಕೆ, ಸುಸ್ತು. ರಕ್ತದ ಒತ್ತಡ, ಹೃದಯದ ತೊಂದರೆಗಳೂ ಬರಬಹುದು. ಸೋಮಾರಿ ಎಂದು ಯಾರನ್ನೋ ಬಯ್ಯುವ ಮೊದಲು ರಾತ್ರಿ ಅವರ ಉಸಿರು ಹೇಗಿದೆ ಎಂದು ಕೇಳಿಸಿಕೊಳ್ಳುವುದು ಒಳ್ಳೆಯದು. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಇದಕ್ಕೊಂದು ಯಂತ್ರ ಮಾಡಿ ತೋರಿಸಿದರು. ಮೂಗಿನ ಮೇಲೆ ಮುಖವಾಡ ಕಟ್ಟಿ, ಸಣ್ಣ ಒತ್ತಡದಲ್ಲಿ ಗಾಳಿ ಒಳಗೆ ಕಳಿಸುತ್ತಿದ್ದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಇವತ್ತಿಗೂ ಜಗತ್ತಿನ ತುಂಬ ಜನ ಬಳಸುವುದು ಅದೇ ಉಪಾಯ. 2006ರಲ್ಲಿ ಇನ್ನೊಂದು ಸ್ವಾರಸ್ಯದ ಪ್ರಯೋಗ ಪ್ರಕಟವಾಯಿತು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜರಿಡೂ ಎಂಬ ಉದ್ದ ಕೊಳವೆಯ ವಾದ್ಯವನ್ನು ಸ್ವಿಟ್ಜರ್ಲೆಂಡಿನಲ್ಲಿ ಕೆಲವರಿಗೆ ನಾಲ್ಕು ತಿಂಗಳು ಊದಲು ಕಲಿಸಿದರು. ಅವರ ಗಂಟಲಿನ ಸ್ನಾಯುಗಳಿಗೆ ವ್ಯಾಯಾಮವಾಗಿ, ನಿದ್ದೆಯ ತೊಂದರೆ ಕಡಿಮೆಯಾಯಿತು.

ಗೊರಕೆ ಮುತ್ಯಾಂದಿರಿಗೆ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಮಕ್ಕಳಲ್ಲೂ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಗಂಟುಗಳು ಊದಿಕೊಂಡರೆ ದಾರಿ ಕಿರಿದಾಗುತ್ತದೆ. ನೆಗಡಿ ಇಲ್ಲದೆಯೂ ವಾರದ ಹೆಚ್ಚಿನ ರಾತ್ರಿ ಗೊರಕೆ ಬರುತ್ತಿದ್ದರೆ, ಬಾಯಿ ತೆರೆದೇ ಮಲಗುತ್ತಿದ್ದರೆ, ಶಾಲೆಯಲ್ಲಿ ಪಾಠದ ಹೊತ್ತಿಗೆ ನಿದ್ದೆ ತೂಗುತ್ತಿದ್ದರೆ ಮನೆಯ ಹಿರಿಯರಿಗೆ ಹೇಳಿ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಹೋಗಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಹೆಚ್ಚಿನ ಮಕ್ಕಳಿಗೆ ಇದು ಗುಣವಾಗುತ್ತದೆ.

ಮತ್ತೆ ಪದಗಳ ಕಡೆಗೆ ಬರೋಣ, ಅಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಕನ್ನಡದವರು ಗೊರಕೆಯನ್ನು ‘ಹೊಡೆಯುತ್ತಾರೆ’. ಸೀಟಿ ಹೊಡೆದ ಹಾಗೆ, ಹರಟೆ ಹೊಡೆದ ಹಾಗೆ. ದಖನಿಯವರೂ ಖರ್ರಾಟಾ ‘ಮಾರುತ್ತಾರೆ’, ಅಂದರೆ ಅವರೂ ಹೊಡೆಯುವವರೇ. ಬೀದರಿನ ಗುರುನಾನಕ್ ಝೀರಾ ಗುರುದ್ವಾರಕ್ಕೆ ದೂರದಿಂದ ಬರುವ ಪಂಜಾಬಿ ಯಾತ್ರಿಕರ ಬಾಯಲ್ಲಿ ಇದು ‘ಘುರಾಡೇ’. ಅಲ್ಲೂ ‘ಘ’, ಅಲ್ಲೂ ‘ರ’. ಅರಬ್ಬಿಯ ‘ಶಖೀರ್’, ರಷ್ಯನ್ನರ ‘ಖ್ರಾಪ್’ ಇವುಗಳಲ್ಲೂ ಗಂಟಲಿನ ‘ಖ’ ಮತ್ತು ನಡುಗುವ ‘ರ’ ಇವೆ.

ಎಲ್ಲರೂ ಹೀಗೇ ಕೇಳಿಸಿಕೊಂಡಿದ್ದಾರೆ ಎಂದರೆ ತಪ್ಪಾಗುತ್ತದೆ. ಇಂಗ್ಲಿಷಿನ ‘ಸ್ನೋರ್’ ಪದ ಗಂಟಲನ್ನು ಬಿಟ್ಟು ಮೂಗನ್ನು ಹಿಡಿದಿದೆ. ಸೀನುವುದಕ್ಕೆ ‘ಸ್ನೀಜ್’, ಮೂಸುವುದಕ್ಕೆ ‘ಸ್ನಿಫ್’, ಪ್ರಾಣಿಯ ಮೂತಿಗೆ ‘ಸ್ನೌಟ್’ ಎನ್ನುವ ಭಾಷೆ ಅದು. ‘ಸ್ನ’ ಬಂದರೆ ಅಲ್ಲಿ ಮೂಗು ಇರುವುದು ಹೆಚ್ಚು. ಜಪಾನೀಯರು ಗೊರಕೆಗೆ ‘ಇಬಿಕಿ’ ಎನ್ನುತ್ತಾರೆ, ಅದರಲ್ಲಿ ‘ರ’ ಇಲ್ಲವೇ ಇಲ್ಲ. ಆದರೆ ಮಕ್ಕಳ ಚಿತ್ರಕಥೆಯಲ್ಲಿ ಯಾರಾದರೂ ಮಲಗಿದ್ದರೆ ಜಪಾನಿನಲ್ಲಿ ‘ಗೂ ಗೂ’ ಎಂದು ಬರೆಯುತ್ತಾರೆ. ‘ಗ’ ಅಲ್ಲೂ ತಪ್ಪಲಿಲ್ಲ!

ಬೀದರ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಗೆಳೆಯರು ನಿಮಗೆ ಇದ್ದೇ ಇರುತ್ತಾರೆ. ರಸ್ತೆ, ಕಟ್ಟಡಗಳ ಕೆಲಸಕ್ಕೆಂದು ಬೇರೆ ರಾಜ್ಯಗಳಿಂದ ಬಂದವರ ಮಕ್ಕಳು ನಿಮ್ಮ ತರಗತಿಯಲ್ಲೂ ಇರಬಹುದು. ಅವರ ಮನೆಯಲ್ಲಿ ಗೊರಕೆಗೆ ಏನನ್ನುತ್ತಾರೆ ಎಂದು ಕೇಳಿ, ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಎರಡು ಗೆರೆ ಎಳೆಯಿರಿ. ಪದದಲ್ಲಿ ಕ-ಖ-ಗ-ಘ ಇದ್ದರೆ ಒಂದರಲ್ಲಿ ಗುರುತು ಹಾಕಿ, ‘ರ’ ಇದ್ದರೆ ಇನ್ನೊಂದರಲ್ಲಿ. ಎರಡೂ ಇಲ್ಲದ ಪದ ಸಿಕ್ಕರೆ ಅದನ್ನು ಬಿಡಬೇಡಿ, ಹೇಳಿದವರಿಂದಲೇ ಮತ್ತೊಮ್ಮೆ ಹೇಳಿಸಿ, ಆ ಸದ್ದು ಬಾಯಿಯಲ್ಲಿ ಎಲ್ಲಿ ಹುಟ್ಟುತ್ತದೆ ಎಂದು ನಿಮ್ಮ ನಾಲಗೆಯಿಂದ ಹುಡುಕಿ ಅದನ್ನೂ ಬರೆದಿಡಿ.